ನೆರಳಲ್ಲಿಟ್ಟ ಕಸಿ

ಬಹಳ ವರ್ಷ ಮಕ್ಕಳಿಗೆ ಉಸಿರಾಟದ ಪಾಠ ಹೇಳಿದವಳು ನಾನು. ಒಂದು ಗಾಜಿನ ಜಾಡಿ, ಅದರೊಳಗೆ ಎರಡು ಬಲೂನು, ಕೆಳಗೆ ಬಿಗಿದು ಕಟ್ಟಿದ ರಬ್ಬರು ಹಾಳೆ. ಹಾಳೆ ಎಳೆದರೆ ಬಲೂನು ಉಬ್ಬುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪಾಠ ಮುಗಿಯುತ್ತದೆ. ಪರೀಕ್ಷೆಯಲ್ಲಿ ಅಷ್ಟನ್ನು ಬರೆದರೆ ಪೂರ್ತಿ ಅಂಕ. ಆದರೆ ನನ್ನ ಅಣ್ಣನ ಎದೆಯೊಳಗೆ ಏನಾಯಿತು ಎಂದು ಯಾರಾದರೂ ನನಗೇ ಪರೀಕ್ಷೆ ಇಟ್ಟರೆ ನಾನು ಇವತ್ತಿಗೂ ಫೇಲು. ಓದಿದ್ದೇನೆ, ದೊಡ್ಡ ಡಾಕ್ಟರನ್ನು ಕೇಳಿದ್ದೇನೆ, ತಲೆ ಕೆಡಿಸಿಕೊಂಡಿದ್ದೇನೆ. ಒಂದು ಗಂಟು ಬಿಚ್ಚಿದರೆ ಇನ್ನೊಂದು ಬೀಳುತ್ತದೆ.

ನಮ್ಮೂರು ತಮಿಳುನಾಡಿನ ರಾಯಕೋಟೆಯಿಂದ ಕೃಷ್ಣಗಿರಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೂ ನಿಲ್ಲದಿದ್ದರೂ ಯಾರೂ ಕೇಳದ ಜಾಗ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದ. ಮನೆ ನಡೆಸಿದ್ದು ಅವ್ವ, ಅವ್ವನನ್ನು ನಡೆಸಿದ್ದು ಮಾವಿನ ಕಸಿ. ಗಿಡ ಕೊಳ್ಳಲು ಬಂದವರ ಹತ್ತಿರ ಅವ್ವ ಅವರವರ ಭಾಷೆಯಲ್ಲೇ ವ್ಯಾಪಾರ ಮಾಡುತ್ತಿದ್ದಳು. ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು, ಬಯ್ಯುವುದಕ್ಕೆ ಮಾತ್ರ ಕನ್ನಡ. ಮಲಗೋವಾ ಕೇಳಿದವನಿಗೆ ಅಗ್ಗದ ಸೇಂದೂರ ಕೊಟ್ಟು ಕಳಿಸುವ ಜನ ನಮ್ಮ ಸುತ್ತಲೇ ಇದ್ದರು. ಅವ್ವ ಆ ಪೈಕಿ ಅಲ್ಲ. ಅವಳ ಕೈಯ ಗಿಡ ಸಾಯುವುದಿಲ್ಲ ಎನ್ನುವ ಮಾತು ಸಂತೆಯಲ್ಲೆಲ್ಲ ಇತ್ತು, ಆ ಮಾತಿನ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಆಗ ನಮ್ಮ ಕಡೆ ಮಾಡುತ್ತಿದ್ದದ್ದು ಒಟ್ಟುಕಸಿ. ಮಾವಿನ ಓಟೆಯಿಂದ ಬೆಳೆಸಿದ ನಾಟಿ ಸಸಿಯನ್ನು ಕುಂಡದ ಸಮೇತ ಅಟ್ಟಣಿಗೆಯ ಮೇಲೇರಿಸಿ, ಒಳ್ಳೆ ಜಾತಿಯ ತಾಯಿಮರದ ಕೊಂಬೆಯ ಪಕ್ಕಕ್ಕೆ ತಂದು, ಎರಡರ ಸಿಪ್ಪೆಯನ್ನೂ ಒಂದಷ್ಟು ಉದ್ದ ಹೆರೆದು, ಗಾಯಕ್ಕೆ ಗಾಯ ಹಚ್ಚಿ ಬಾಳೆನಾರಿನಲ್ಲಿ ಬಿಗಿಯುವುದು. ಮೇಲೆ ಸೆಗಣಿ ಮತ್ತು ಜೇಡಿಮಣ್ಣಿನ ಮೆತ್ತು. ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಕೂಡಿತೋ ಇಲ್ಲವೋ ತಿಳಿಯುವುದಕ್ಕೆ ಅವ್ವನಿಗೆ ಕಣ್ಣು ಬೇಕಿರಲಿಲ್ಲ, ಬಲಗೈ ಹೆಬ್ಬೆರಳು ಸಾಕು. ಕಟ್ಟಿನ ಮೇಲೆ ಒತ್ತಿ ನೋಡುತ್ತಿದ್ದಳು. ಮೆತ್ತಗಿದ್ದರೆ ಇನ್ನೂ ಇಲ್ಲ. ಗಂಟು ಕಟ್ಟಿ ಗಟ್ಟಿಯಾಗಿದ್ದರೆ ಕೂಡಿತು ಎಂದು ಅರ್ಥ, ತಾಯಿಮರದಿಂದ ಕತ್ತರಿಸಿ ಕೆಳಗಿಳಿಸಬಹುದು.

ಇಳಿಸಿದ ಕಸಿಯನ್ನು ಕೂಡಲೇ ಬಿಸಿಲಿಗೆ ಇಡುವಂತಿಲ್ಲ. ಅದೇ ತಾಯಿಮರದ ನೆರಳಲ್ಲಿ ಕೆಲವು ವಾರ ಇಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಮತ್ತೆ ಹೆಬ್ಬೆರಳು. ಗಂಟು ಚೆನ್ನಾಗಿ ಗಟ್ಟಿಯಾದ ಮೇಲೂ ಮುದ್ದು ಮಾಡಿ ನೆರಳಲ್ಲೇ ಬಿಟ್ಟರೆ ಗಿಡ ಬಿಳಿಚಿಕೊಂಡು ಸೊರಗುತ್ತದೆ, ಅದನ್ನು ಬಿಸಿಲಿಗೆ ದೂಡಲೇಬೇಕು. ಮೆತ್ತಗಿದ್ದರೆ ನೆರಳು, ಗಟ್ಟಿಯಾದರೆ ಬಿಸಿಲು. ನಮ್ಮ ಮನೆಯಲ್ಲಿ ಇದು ವೇದ. ನಾನೂ ಅಣ್ಣನೂ ಅಕ್ಷರ ಕಲಿಯುವ ಮುಂಚೆ ಇದನ್ನು ಕಲಿತಿದ್ದೆವು.

ಅಣ್ಣನಿಗೆ ಕಸಿ ಕೆಲಸ ಹಿಡಿಸಲಿಲ್ಲ. ಕಾಯುವ ಕೆಲಸ ಅವನಿಗೆ ಆಗುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವೆ ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಎದ್ದವಲ್ಲ, ಆಗ ಒಂದು ಎರಕದ ಕಾರ್ಖಾನೆಯಲ್ಲಿ ಸೇರಿಕೊಂಡ. ಮರಳಿನ ಅಚ್ಚಿನಲ್ಲಿ ಕಬ್ಬಿಣ ಹುಯ್ದು ತಣಿದ ಮೇಲೆ, ಅದಕ್ಕೆ ಅಂಟಿದ ಮರಳನ್ನು ಕುಟ್ಟಿ ಉದುರಿಸಿ, ಸಾಣೆಚಕ್ರಕ್ಕೆ ಹಿಡಿದು ನುಣುಪು ಮಾಡುವುದು ಅವನ ಕೆಲಸ. ಪಕ್ಕದ ಮತ್ತಿಗಿರಿಯಲ್ಲಿ ಒಂದು ಕೋಣೆ ಹಿಡಿದು ಅತ್ತಿಗೆಯನ್ನೂ ಕರೆದುಕೊಂಡು ಹೋದ. ಭಾನುವಾರ ಊರಿಗೆ ಬರುವಾಗ ಪ್ಯಾಂಟು, ಕೈಗಡಿಯಾರ, ಬಾಯಲ್ಲಿ ಶಿಫ್ಟು, ಗ್ರೈಂಡಿಂಗು, ಸೂಪರ್‌ವೈಸರು. ಕಬ್ಬಿಣ ಅವನ ಕೈಯಲ್ಲಿ ಕನ್ನಡಿಯಾಗುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವವನೇನೋ ಹೌದು, ಆದರೆ ಕೆಲಸದಲ್ಲಿ ನಿಜವಾಗಿಯೂ ಚೂಟಿ.

ಕೆಲವೊಮ್ಮೆ ಶನಿವಾರವೇ ಶಿಫ್ಟು ಮುಗಿಸಿ, ಅತ್ತಿಗೆಯ ಜೊತೆ ನೇರ ಬಸ್ಸು ಹತ್ತಿ ಬಂದರೆ ಹುಬ್ಬು, ಮೀಸೆ, ಕಿವಿಯ ಅಂಚು ಎಲ್ಲ ಬೂದುಬಿಳಿ. ಅವ್ವ ನಗುತ್ತಿದ್ದಳು, ಮದುಮಗನ ಹಾಗೆ ಪೌಡರು ಬಳಿದುಕೊಂಡು ಬಂದಿದ್ದಾನೆ ಎಂದು. ನಾವೂ ನಗುತ್ತಿದ್ದೆವು. ಅತ್ತಿಗೆ ಒಬ್ಬಳು ನಗುತ್ತಿರಲಿಲ್ಲ. ಅವನ ಅಂಗಿ ಒಗೆಯುವವಳು ಅವಳು. ನೀರು ಬಸಿದ ಮೇಲೆ ಬಕೆಟ್ಟಿನ ತಳದಲ್ಲಿ ರಾಗಿಹಿಟ್ಟಿಗಿಂತ ನಯವಾದ ಮಣ್ಣು ಕೂತಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಗೊತ್ತೇ ಆಗುವುದಿಲ್ಲ ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಕಾಣದ್ದೇ ಒಳಗೆ ಹೋಗುವುದು ಎನ್ನುವುದು ಸೈನ್ಸ್ ಟೀಚರಾದ ನನಗೂ ಆಗ ತಿಳಿದಿರಲಿಲ್ಲ.

ಕೆಮ್ಮು ಯಾವಾಗ ಶುರುವಾಯಿತು ಎಂದು ಹೇಳುವುದು ಕಷ್ಟ. ಬೀಡಿ ಸೇದುವವನಲ್ಲ. ಮೊದಮೊದಲು ಒಣಕೆಮ್ಮು, ಆಮೇಲೆ ಬಸ್ಸಿಳಿದು ಮನೆಯ ಏರು ಹತ್ತುವಾಗ ನಡುವೆ ನಿಂತು ಹುಣಸೆಮರ ನೋಡುವ ನೆಪ. ಒಂದು ಆಸ್ಪತ್ರೆಯಲ್ಲಿ ಟಿಬಿ ಎಂದರು. ಸೂಜಿ ಚುಚ್ಚಿದರು, ಗುಳಿಗೆ ಕೊಟ್ಟರು. ನೆಂಟರು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ನಿಲ್ಲಿಸಿದರು. ಗುಳಿಗೆ ಎಷ್ಟು ನುಂಗಿದರೂ ಕೆಮ್ಮು ಅಲ್ಲೇ. ಕೊನೆಗೆ ಕೃಷ್ಣಗಿರಿಯಲ್ಲಿ ಎದೆರೋಗ ನೋಡುವ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಅವ್ವ, ಅಣ್ಣ, ನಾನು ಮೂವರೂ ಹೋದೆವು.

ಆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಯಿಲೆ ಏನು ಎಂದು ಹೇಳುವ ಬದಲು ಕೆಲಸ ಏನು ಎಂದು ಕೇಳಿದರು. ಅಣ್ಣ ಹೇಳಿದ. ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಟಿಬಿ ಅಲ್ಲ. ಮರಳಿನ ಧೂಳು ಒಳಗೆ ಸೇರಿದೆ. ಶ್ವಾಸಕೋಶ ಅದನ್ನು ವಾಸಿ ಮಾಡಿಕೊಳ್ಳುವುದಕ್ಕೆ ಹೋಗಿ ಧೂಳಿನ ಸುತ್ತ ಗಂಟು ಕಟ್ಟಿಕೊಂಡಿದೆ. ಇದಕ್ಕೆ ಔಷಧಿ ಇಲ್ಲ, ಧೂಳಿನ ಕೆಲಸ ಬಿಡಬೇಕು. ಅವ್ವನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ಒಂದು ಮಾತೂ ಅವಳ ಕಿವಿಯಿಂದ ತಪ್ಪಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಆ ಗಂಟು ಗಟ್ಟಿಯೋ ಮೆತ್ತಗೋ ಎಂದು. ಕೆಲವು ಗಟ್ಟಿ, ಕೆಲವು ಇನ್ನೂ ಇಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಿಂದ ಹೊರಗೆ ಬಂದಾಗ ಅವ್ವನ ಮುಖ ಬೆಳಗುತ್ತಿತ್ತು. ನನಗೆ ಅರ್ಥವೇ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅವಳು ನನಗೆ ಪಾಠ ಹೇಳಿದಳು. ಒಳಗೆ ಗಾಯವಾಗಿದೆ, ಗಾಯದ ಬಾಯಿಗೆ ಗಂಟು ಕಟ್ಟುತ್ತಿದೆ, ಗಂಟು ಕಟ್ಟಿದರೆ ಕೂಡಿಕೊಳ್ಳುತ್ತಿದೆ ಎಂದೇ ಅರ್ಥ. ಡಾಕ್ಟರು ಧೂಳಿನ ಕೆಲಸ ಬೇಡ ಎಂದದ್ದೂ ಸರಿಯೇ, ಕೂಡುವ ತನಕ ನೆರಳು ಬೇಕೇ ಬೇಕು. ಇಷ್ಟು ದಿನ ಹೆಸರಿಲ್ಲದ ಕೆಮ್ಮಿಗೆ ಹೆದರಿದ್ದಳು. ಈಗ ಅವಳಿಗೆ ಗೊತ್ತಿರುವ ಕೆಲಸ ಸಿಕ್ಕಿತ್ತು. ಕೈ ಕೊಯ್ದುಕೊಂಡರೆ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕಟ್ಟಿದರೆ ವಾಸಿ. ನಾನೂ ಮಕ್ಕಳಿಗೆ ಅದನ್ನೇ ತಾನೇ ಹೇಳಿಕೊಡುತ್ತಿದ್ದದ್ದು.

ಅಣ್ಣ ರಜೆ ಹಾಕಿ ಊರಿಗೆ ಬಂದ. ಅವ್ವ ಅವನ ಮಂಚವನ್ನು ಮಲಗೋವಾ ತಾಯಿಮರದ ಕೆಳಗೆ, ಕಸಿ ಕುಂಡಗಳ ಪಕ್ಕದಲ್ಲೇ ಹಾಕಿಸಿದಳು. ಬೆಳಿಗ್ಗೆ ಕುಂಡಗಳಿಗೆ ನೀರು ಚಿಮುಕಿಸಿ ಹಾಗೇ ಅವನಿಗೊಂದು ಚೊಂಬು ಮಜ್ಜಿಗೆ. ಸಂಜೆ ಮತ್ತೆ ನೀರು, ಮತ್ತೆ ಮಜ್ಜಿಗೆ. ಬಿಸಿಲು ಜಾರಿದ ಹಾಗೆ ಕುಂಡಗಳನ್ನು ಸರಿಸಿ, ಮಂಚವನ್ನೂ ಸರಿಸುವಳು. ಗಿಡ ಕೊಳ್ಳಲು ಬಂದ ತೆಲುಗಿನವನೊಬ್ಬ ಮಂಚ ತೋರಿಸಿ ಈ ಜಾತಿ ಯಾವುದು ಎಂದು ಕೇಳಿದ. ಅಣ್ಣನೇ, ಇದು ಮಾರಾಟಕ್ಕಿಲ್ಲ, ಹುಳಿ ಜಾಸ್ತಿ ಎಂದ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಗು ಇತ್ತು.

ನನ್ನ ತಲೆಯನ್ನು ಇನ್ನಷ್ಟು ಕೆಡಿಸಿದ್ದು ಇದು, ಅವನು ಸುಧಾರಿಸಿದ. ಕೆಮ್ಮು ಇಳಿಯಿತು, ಹಸಿವು ಬಂತು. ಮಾವು ಕಟಾವಿನ ಹೊತ್ತಿಗೆ ಮರ ಹತ್ತಲು ಹೋದ, ಅತ್ತಿಗೆ ಕಾಲು ಹಿಡಿದು ಎಳೆದಳು. ಕಟಾವು ಮುಗಿದ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದೆವು. ಹಿಂದಿನದರ ಪಕ್ಕ ಇಟ್ಟು ನೋಡಿದರೆ ಬಿಳಿ ಚುಕ್ಕೆಗಳು ಹೆಚ್ಚಾಗಿದ್ದವು. ಮನುಷ್ಯ ಚೆನ್ನಾಗಿದ್ದಾನೆ, ಪಟ ಕೆಟ್ಟಿದೆ. ಯಾವುದನ್ನು ನಂಬುವುದು. ಡಾಕ್ಟರು ತಲೆಯಾಡಿಸಿ, ಗಂಟುಗಳೆಲ್ಲ ಈಗ ಗಟ್ಟಿಯಾಗಿವೆ, ಆ ಕೆಲಸಕ್ಕೆ ಮಾತ್ರ ಹೋಗಬೇಡ ಎಂದು ಅಣ್ಣನಿಗೆ ಮತ್ತೆ ಹೇಳಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆಯನ್ನು ನಮಗೆ ಆವತ್ತು ಯಾರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಡೆದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. ಫ್ಯಾಕ್ಟರಿಯಿಂದ ಅಣ್ಣನಿಗೆ ಹೇಳಿಕಳಿಸಿದ್ದರು, ಬರುವುದಾದರೆ ಈಗ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು. ಅವನಿಗೂ ಮಂಚ ಸಾಕಾಗಿತ್ತು. ಸ್ಟೋರಿನಲ್ಲಿ ಕೆಲಸ ಕೇಳುತ್ತೇನೆ, ಚಕ್ರದ ಹತ್ತಿರ ಹೋಗುವುದಿಲ್ಲ ಎಂದ. ಎಲ್ಲರೂ ಅವ್ವನ ಮುಖ ನೋಡಿದೆವು. ಅವ್ವ ಕುಂಡದಲ್ಲಿದ್ದ ಒಂದು ಕಸಿಯ ಗಂಟನ್ನು ಒತ್ತಿ ನೋಡುತ್ತಲೇ ಹೇಳಿದಳು:

"ಗಟ್ಟಿಯಾಗೈತೆ ಅಂತ ಅವ್ರೇ ಅಂದ್ರಲ್ಲ. ಗಟ್ಟಿಯಾದ್ಮೇಲೂ ನೆರಳಾಗೇ ಮಡಗಿದ್ರೆ ಸೊರಗೋಯ್ತನೆ. ಹೋಗ್ಲಿ ಬುಡು."

ಅತ್ತಿಗೆ ಒರಳಿನ ಹತ್ತಿರ ಕೂತಿದ್ದಳು. ಅತ್ತೆಗೆ ಎದುರು ಮಾತಾಡಿದವಳೇ ಅಲ್ಲ. ಆವತ್ತು ರುಬ್ಬುವುದನ್ನು ನಿಲ್ಲಿಸಿದಳು.

"ಅವ್ರೇನ್ ಗಿಡವಾ ಅತ್ತೆ? ಡಾಕ್ಟ್ರು ಬ್ಯಾಡ ಅಂದವ್ರೆ. ಬ್ಯಾಡ ಅಂದ್ರೆ ಬ್ಯಾಡ."

ಅವ್ವನಿಗೆ ಸಿಟ್ಟು ಬರಲಿಲ್ಲ. ನಿನ್ನ ಗಂಡನನ್ನು ನಾನು ಕೊಲ್ಲುವುದಕ್ಕೆ ಕಳಿಸುತ್ತೇನಾ ಎಂದು ಮೆತ್ತಗೆ ಕೇಳಿದಳು. ಅತ್ತಿಗೆಯೂ ಅವ್ವನೂ ನನ್ನ ಕಡೆ ತಿರುಗಿದರು, ಓದಿದವಳು ಏನಾದರೂ ಹೇಳಲಿ ಎಂದು. ಅತ್ತಿಗೆಯ ಮಾತು ಸರಿ ಅನ್ನಿಸುತ್ತಿತ್ತು. ಆದರೆ ಅವ್ವನ ನೆರಳಲ್ಲಿ ಅಣ್ಣ ಸುಧಾರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಒಂದು ನಿಯಮ ಫಲಿಸಿದ ಮೇಲೆ ಅದೇ ಕೈಯ ಇನ್ನೊಂದು ನಿಯಮ ಹೇಗೆ ಸುಳ್ಳಾಗುತ್ತದೆ. ನನಗೆ ಗೊತ್ತಿಲ್ಲ ಎಂದೆ. ಅದು ಸತ್ಯವೂ ಆಗಿತ್ತು. ಅಣ್ಣ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ.

ಸ್ಟೋರಿನ ಕೆಲಸ ಕೆಲವು ತಿಂಗಳು ನಡೆಯಿತು. ಚಕ್ರದ ಹತ್ತಿರ ಜನ ಕಡಿಮೆಯಾದಾಗ, ನಿನ್ನ ಕೈಯ ಹದ ಇನ್ನೊಬ್ಬರಿಗೆ ಇಲ್ಲ ಎಂದು ಕರೆದರು. ಹೊಗಳಿದರೆ ಕರಗುವ ಜಾತಿ ನಮ್ಮಣ್ಣ. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅವನಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಕೆಲಸವಾಯಿತು. ಮತ್ತಿಗಿರಿಯ ಕೋಣೆ ಖಾಲಿ ಮಾಡಿ ಅತ್ತಿಗೆ ಅವನನ್ನು ಊರಿಗೆ ಕರೆತಂದಳು. ನಾನು ಹೇಳಿರಲಿಲ್ಲವಾ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಅವ್ವನಿಗೆ ಸುಲಭವಾಗುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದದ್ದು ನಾನು. ಅಲ್ಲಿ ಮೇಲಿನ ಓದು ಓದುತ್ತಿದ್ದ ಒಬ್ಬ ಹುಡುಗಿ ಡಾಕ್ಟರು ಇದ್ದರು, ಕನ್ನಡದವರು. ನಾನು ಸೈನ್ಸ್ ಟೀಚರು ಎಂದು ತಿಳಿದ ಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ನಾನು ಕೇಳಿದ್ದು ಇಷ್ಟೇ. ಗಾಯವಾದರೆ ಹೊಸ ಚರ್ಮ ಬರುತ್ತದಲ್ಲ, ಶ್ವಾಸಕೋಶಕ್ಕೆ ಯಾಕೆ ಬರುವುದಿಲ್ಲ.

ಬರುತ್ತದೆ ಎಂದರು ಅವರು. ನನಗೆ ಆಶ್ಚರ್ಯವಾಯಿತು. ಶ್ವಾಸಕೋಶದ ಸಣ್ಣ ಸಣ್ಣ ಗಾಳಿಗೂಡುಗಳ ಗೋಡೆಯಲ್ಲಿ ಎರಡು ಥರದ ಜೀವಕೋಶ ಇವೆಯಂತೆ. ಒಂದು ಹಪ್ಪಳದ ಹಾಗೆ ತೆಳ್ಳಗೆ ಹರಡಿಕೊಂಡು ಉಸಿರನ್ನು ಆಚೀಚೆ ದಾಟಿಸುವಂಥದ್ದು. ಇನ್ನೊಂದು ಮೂಲೆಯಲ್ಲಿ ದುಂಡಗೆ ಕೂತಿರುವಂಥದ್ದು. ತೆಳ್ಳನೆಯದು ಸತ್ತರೆ ಈ ದುಂಡನೆಯದು ಎದ್ದು ಎರಡಾಗುತ್ತದೆ, ಒಂದು ಹರಡಿಕೊಂಡು ಸತ್ತದ್ದರ ಜಾಗ ತುಂಬುತ್ತದೆ, ಇನ್ನೊಂದು ಮುಂದಿನ ಸಲಕ್ಕೆ ಮೂಲೆಯಲ್ಲೇ ಉಳಿಯುತ್ತದೆ. ಇಂಥ ಕೋಶಗಳನ್ನು ಈಗ ಕಾಂಡಕೋಶ ಎನ್ನುತ್ತಾರೆ, ಪತ್ರಿಕೆಗಳಲ್ಲೂ ಬರುತ್ತದೆ. ಆವತ್ತು ನಾನು ಅದಕ್ಕೆ ಮನಸ್ಸಿನಲ್ಲಿ ಬಿತ್ತನೆಬೀಜ ಎಂದು ಹೆಸರಿಟ್ಟುಕೊಂಡೆ.

ಹಾಗಾದರೆ ನಮ್ಮಣ್ಣನ ಬಿತ್ತನೆಬೀಜ ಎಲ್ಲಿ ಹೋಯಿತು ಎಂದು ಕೇಳಿದೆ. ಅಲ್ಲೇ ಇರಬಹುದು ಎಂದರು. ಆದರೆ ಬೀಜ ತಾನಾಗಿ ತೀರ್ಮಾನ ಮಾಡುವುದಿಲ್ಲವಂತೆ. ಯಾವಾಗ ಏಳಬೇಕು, ಎದ್ದು ಏನಾಗಬೇಕು ಎಂದು ಸುತ್ತಲಿನವರು ಹೇಳಬೇಕು. ಕೆಳಗಿನ ಹಾಸು, ಪಕ್ಕದಲ್ಲಿ ನಾರು ನೇಯುವ ಕೋಶಗಳು, ಓಡಾಡುವ ಕಾವಲುಕೋಶಗಳು. ಕಾವಲಿನದು ಮರಳಿನ ಧೂಳನ್ನು ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ. ಧೂಳು ಹಾಗೇ ಉಳಿಯುತ್ತದೆ, ಇನ್ನೊಂದು ಬಂದು ಅದನ್ನೇ ನುಂಗುತ್ತದೆ. ಸಾಯುವಾಗ ಅದು ಕೂಗಿದ್ದನ್ನು ಕೇಳಿ ನಾರು ನೇಯುವವು ಇನ್ನಷ್ಟು ನೇಯುತ್ತವೆ. ಹಾಸು ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಅಂಥ ಹಾಸಿನ ಮೇಲೆ ಕೂತ ದುಂಡನೆಯ ಕೋಶಕ್ಕೆ ಹರಡಿಕೊಳ್ಳುವುದು ಮರೆತುಹೋಗುತ್ತದೇನೋ ಎಂದು ಅವರ ಊಹೆ. ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದರು. ನನಗೆ ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುವುದು ನೆನಪಾಯಿತು, ಬಾಯಿಬಿಟ್ಟು ಅಂದೇಬಿಟ್ಟೆ. ಅವರು ನಕ್ಕು, ಹೆಚ್ಚುಕಡಿಮೆ ಹಾಗೇ, ಆದರೆ ಸನ್ಯಾಸಿಯನ್ನು ಆ ಸಹವಾಸದಿಂದ ಬಿಡಿಸುವ ದಾರಿ ನಮಗೆ ಗೊತ್ತಿಲ್ಲ ಎಂದರು.

ಮುಖ್ಯವಾದದ್ದನ್ನು ಕೊನೆಗೆ ಕೇಳಿದೆ. ಆ ಸಲ ಅವನು ವಾಪಸ್ಸು ಹೋಗದೆ ಊರಲ್ಲೇ ಇದ್ದಿದ್ದರೆ ಉಳಿಯುತ್ತಿದ್ದನೇ. ಅವರು ಹೇಳಿದ್ದು ಇಷ್ಟು. ಹೋದದ್ದರಿಂದ ಧೂಳು ಹೆಚ್ಚಾಯಿತು, ಅದಂತೂ ನಿಜ, ಬೇಗ ಕೆಟ್ಟಿರಬಹುದು. ಆದರೆ ಒಳಗೆ ಸೇರಿದ್ದು ಹೊರಗೆ ಬರುವುದಿಲ್ಲ, ಒಮ್ಮೆ ಗಟ್ಟಿಯಾದದ್ದು ಪಕ್ಕದ್ದನ್ನೂ ಗಟ್ಟಿ ಮಾಡುತ್ತಾ ಹೋಗುತ್ತದೆ, ಊರಲ್ಲಿದ್ದವರಲ್ಲೂ ಹೀಗಾದದ್ದನ್ನು ನೋಡಿದ್ದೇವೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬಸ್ಸಿನಲ್ಲಿ ಅಣ್ಣ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಅವ್ವನಿಗೆ ಏನು ಹೇಳುವುದು ಎಂದು ಅತ್ತಿಬೆಲೆಯಿಂದ ರಾಯಕೋಟೆಯವರೆಗೆ ಯೋಚಿಸಿದೆ.

ಕೆಲವು ದಿನದ ಮೇಲೆ ಅವ್ವ, ಅಟ್ಟಣಿಗೆಯ ಮೇಲೆ ಕೂತು ನಾರು ಬಿಗಿಯುತ್ತಿದ್ದಾಗ ಕೆಳಗೆ ನಿಂತು ಕುಂಡ ಎತ್ತಿಕೊಡುತ್ತಿದ್ದ ನನ್ನನ್ನು ನೋಡದೆಯೇ ಕೇಳಿದಳು:

"ನಾನ್ ಕಳಿಸ್ಬಾರ್ದಾಗಿತ್ತಾ ಅವ್ನ?"

ಅತ್ತಿಗೆ ಅಲ್ಲಿರಲಿಲ್ಲ. ಅಣ್ಣ ಸ್ವಲ್ಪ ದೂರದಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ ಅವನಿಗೆ. ಕೇಳಿಸುವಷ್ಟೇ ದೂರ. ನಾನು ಡಾಕ್ಟರು ಹೇಳಿದ್ದನ್ನು ಸುತ್ತಿ ಬಳಸಿ ಹೇಳತೊಡಗಿದೆ. ಮನುಷ್ಯನ ಎದೆಯಲ್ಲಿ ಗಂಟು ಕಟ್ಟುವುದು ಕೂಡಿಕೊಳ್ಳುವುದಲ್ಲ ಎಂದೆ. ಒಳಗೆ ಚಿಗುರುವುದಕ್ಕೆ ಬೀಜ ಇದೆ, ಅದು ಪಕ್ಕದವರನ್ನು ನೋಡಿ ಬೆಳೆಯುತ್ತದೆ, ಪಕ್ಕದಲ್ಲಿ ಧೂಳು ಕೂತು ಎಲ್ಲ ಗಟ್ಟಿಯಾದರೆ ಅದಕ್ಕೆ ಎಲೆ ಬಿಡುವುದು ತಿಳಿಯುವುದಿಲ್ಲ ಎಂದೆ. ಮೆತ್ತಗಿರುವುದೇ ಅಲ್ಲಿ ಜೀವ, ಗಟ್ಟಿಯಾದದ್ದು ಹೋದ ಹಾಗೆ ಎಂದೆ. ಹೋಗದಿದ್ದರೂ ಹೀಗೇ ಆಗುತ್ತಿತ್ತೇನೋ, ಯಾರಿಗೂ ಗೊತ್ತಿಲ್ಲವಂತೆ ಎನ್ನುವುದನ್ನು ಗಟ್ಟಿಯಾಗಿ ಹೇಳಿದೆ. ಅದೊಂದು ಮಾತು ಅವಳ ಕಿವಿಗೆ ಬೀಳಲಿ ಎಂದು ನನ್ನ ಆಸೆ.

ಅವ್ವ ನಾರು ಬಿಗಿಯುವುದನ್ನು ನಿಲ್ಲಿಸಿರಲಿಲ್ಲ. ಆ ಗಂಟು ಹಾಕಿ ಮುಗಿಸಿದಳು. ಆಮೇಲೆ ಹೇಳಿದಳು:

"ಕೂಡ್ಕೊಳ್ಳೋದೇನೋ ಕೂಡ್ಕೊಂಡೈತೆ ಕಣೆ. ಕಲ್ಲಿಗೆ ಕೂಡ್ಕೊಂಡ್ಬುಟ್ಟೈತೆ."

ಅಟ್ಟಣಿಗೆಯಿಂದ ಇಳಿದು ಒಳಗೆ ಹೋದಳು. ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದು ನನಗೆ ನೆನಪಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಿ ಸಮಾಧಾನ ಮಾಡಲೋ, ಅವಳ ಪಾಡಿಗೆ ಬಿಡಲೋ ತಿಳಿಯಲಿಲ್ಲ. ಅತ್ತಿಗೆ ನೀರು ಹೊತ್ತು ಬಂದವಳು ಕೊಡ ಇಳಿಸಿ, ಏನು ಎತ್ತ ಎಂದು ಕೇಳದೆ ಅವ್ವನ ಪಕ್ಕ ಕೂತಳು. ಅನ್ನಕ್ಕಿಡುವುದು ಆವತ್ತು ತಡವಾಯಿತು.

ಮಾರನೆಯ ದಿನ ಸಂಜೆ ಅವ್ವ ಎಂದಿನಂತೆ ಕುಂಡಗಳಿಗೆ ನೀರು ಚಿಮುಕಿಸಿದಳು. ನೆರಳಲ್ಲಿಟ್ಟ ಕಸಿಗಳ ಗಂಟನ್ನು ಒಂದೊಂದಾಗಿ ಒತ್ತಿ ನೋಡುತ್ತಾ ಬಂದು, ಸಾಲಿನ ಕೊನೆಗೆ ಅಣ್ಣನ ಮಂಚದ ಹತ್ತಿರ ನಿಂತಳು. ಅವನು ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಉಸಿರು ಎಳೆಯುತ್ತಿದ್ದ. ಬೆನ್ನು ಬರೀ ಎಲುಬು. ಅವ್ವ ಅವನ ಹಿಂದೆ ಕೂತು, ಎರಡು ಪಕ್ಕೆಲುಬಿನ ನಡುವೆ ಹೆಬ್ಬೆರಳಿಟ್ಟು ಒತ್ತಿದಳು. ಕಸಿಗೆ ಒತ್ತುವಷ್ಟೇ ಹದವಾಗಿ, ಕಣ್ಣು ಮುಚ್ಚಿಕೊಂಡು. ಒಂದು ಕಡೆ ನೋಡಿ, ಕೆಳಗೆ ಇನ್ನೊಂದು ಕಡೆ ನೋಡಿದಳು.

ಬೆನ್ನು ಒತ್ತಿದರೆ ಶ್ವಾಸಕೋಶ ಬೆರಳಿಗೆ ಸಿಗುವುದಿಲ್ಲ. ಅದು ನನಗೆ ಗೊತ್ತು, ಅಣ್ಣನಿಗೆ ಗೊತ್ತು, ಎಷ್ಟೋ ಕೋಳಿ ಕುಯ್ದು ತೊಳೆದ ಅವ್ವನಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಹಾಗಾದರೆ ಅವಳು ಏನು ಮಾಡುತ್ತಿದ್ದಳು, ಯಾರಿಗೋಸ್ಕರ ಮಾಡುತ್ತಿದ್ದಳು. ನನಗೆ ಇನ್ನೂ ಬಗೆಹರಿಯದ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಅಣ್ಣ ಬದುಕಿರುವ ತನಕ ಅವಳು ಇದನ್ನು ಒಂದು ಸಂಜೆಯೂ ತಪ್ಪಿಸಲಿಲ್ಲ.

"ಮೆತ್ತಗೈತೆ ಕಣ್ಲಾ," ಅಂದಳು ಅವ್ವ.

ಅಣ್ಣ ತಿರುಗಿ ಅವಳ ಮುಖ ನೋಡಿದ. ನಿನ್ನೆಯ ಮಾತನ್ನೆಲ್ಲ ಅವನು ಕೇಳಿಸಿಕೊಂಡಿದ್ದ. ಮಾತಾಡಬೇಕಾದರೆ ಅವನಿಗೆ ಮೊದಲು ಉಸಿರು ಕೂಡಿಸಿಕೊಳ್ಳಬೇಕಿತ್ತು, ಕೂಡಿಸಿಕೊಂಡ.

"ಹಂಗಾದ್ರೆ ಇನ್ನೊಂದಷ್ಟು ದಿನ ನೆರಳಾಗೇ ಮಡಗವ್ವ."